ಉಬ್ಬಸದ ಚೀಟಿ: ಯಾವ ಪಂಪು ಯಾವಾಗ, ಯಾಕೆ?

ಬನಶಂಕರಿ ಎರಡನೇ ಹಂತದ ನಮ್ಮ ಮನೆಗೆ ಅಮ್ಮ ಆಸ್ಪತ್ರೆಯಿಂದ ವಾಪಸು ಬಂದದ್ದು ಒಂದು ಜನವರಿಯ ಸಂಜೆ. ಮೂರು ದಿನ ಆಮ್ಲಜನಕ, ನೆಬ್ಯುಲೈಜರ್, ಇಂಜೆಕ್ಷನ್ ಆಗಿತ್ತು. ಕೈಯಲ್ಲಿದ್ದ ಕವರಿನಲ್ಲಿ ಎರಡು ಪಂಪು, ಎರಡು ಬಗೆಯ ಮಾತ್ರೆ, ನಾಲ್ಕಾಗಿ ಮಡಚಿದ ಚೀಟಿ. ಐದು ದಿನಕ್ಕೆ ಮಾತ್ರೆ ಮುಗಿಯಿತು, ಎದೆಯ ಸುಯ್‌ಗುಟ್ಟುವ ಸದ್ದೂ ನಿಂತಿತು. “ಈಗ ಆರಾಮಾಗಿದೀನಲ್ಲ, ಇದಿನ್ಯಾಕೆ?” ಎಂದು ಅಮ್ಮ ಒಂದು ಪಂಪನ್ನು ಬೀರುವಿನಲ್ಲಿಟ್ಟರು. ನಾನೂ ಸುಮ್ಮನಿದ್ದೆ. ನೀಲಿ ಪಂಪು ಮಾತ್ರ ದಿಂಬಿನ ಕೆಳಗೆ ಉಳಿಯಿತು. ಆರು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ವಾರ್ಡು ಸೇರಿದೆವು.

ಆ ಸಲ ವಾರ್ಡಿನ ವೈದ್ಯೆ ಹಳೆಯ ಚೀಟಿಯನ್ನು ಬಿಡಿಸಿ, ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದರು. “ಅಮ್ಮಾ, ಇದು ಉಸಿರು ಚೆನ್ನಾಗಿರೋವಾಗಲೇ ತಗೋಬೇಕಾದ ಔಷಧಿ. ಚೆನ್ನಾಗಿರೋದೇ ಇದರಿಂದ” ಅಂದರು. ಬೀರು ಸೇರಿದ್ದ ಪಂಪಿನ ಹೆಸರೇ ಆ ಸಾಲಿನಲ್ಲಿತ್ತು.

ಜಯನಗರ, ಜೆಪಿ ನಗರ, ಬಿಟಿಎಂ ಬಡಾವಣೆಯ ಅನೇಕ ಮನೆಗಳಲ್ಲಿ ನಡೆಯುವ ತಪ್ಪು ಇದೇ. ಚೀಟಿ ಮನೆಗೆ ಬರುತ್ತದೆ, ಅದರ ಹಿಂದಿನ ಲೆಕ್ಕ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಆ ಲೆಕ್ಕವನ್ನು ನಿಮ್ಮ ಕೈಗೆ ಕೊಡಲು ಈ ಲೇಖನ.

ಎರಡು ತೊಂದರೆ, ಎರಡು ಬಗೆಯ ಔಷಧ

ಅಸ್ತಮಾದಲ್ಲಿ ಉಸಿರುನಾಳಕ್ಕೆ ಎರಡು ತೊಂದರೆ ಒಟ್ಟಿಗೆ ಆಗುತ್ತವೆ. ನಾಳದ ಸುತ್ತಲಿನ ಸ್ನಾಯು ಬಿಗಿಯುವುದು ಮೊದಲನೆಯದು. ಅದು ನಿಮಿಷಗಳಲ್ಲಿ ಆಗುತ್ತದೆ, ನಮಗೆ ತಕ್ಷಣ ಗೊತ್ತಾಗುತ್ತದೆ. ನಾಳದ ಒಳಪದರ ಊದಿಕೊಂಡು ಕಫ ಕಟ್ಟುವುದು ಎರಡನೆಯದು. ಅದು ನಿಧಾನ, ಹೊರಗೆ ಏನೂ ತೋರದ ದಿನಗಳಲ್ಲೂ ಒಳಗೆ ಇದ್ದೇ ಇರುತ್ತದೆ. ಊದಿಕೊಂಡ ನಾಳಕ್ಕೆ ಧೂಳು, ಹೊಗೆ, ತಣ್ಣನೆ ಗಾಳಿ ತಗುಲಿದರೆ ಸಾಕು, ಸ್ನಾಯು ಬಿಗಿಯುತ್ತದೆ.

ಬಿಗಿದ ಸ್ನಾಯುವನ್ನು ಸಡಿಲಿಸುವುದು ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್‌ನಂಥ ಔಷಧ. ಇಲ್ಲಿ ನೀಲಿ ಪಂಪು ಅನ್ನುವುದು ಇದನ್ನೇ. ಐದು ನಿಮಿಷಕ್ಕೆ ಹಾಯೆನಿಸುತ್ತದೆ, ನಾಲ್ಕಾರು ಗಂಟೆಗೆ ಅದರ ಶಕ್ತಿ ಮುಗಿಯುತ್ತದೆ. ಊತ ಇಳಿಸುವುದು ಬ್ಯುಡಿಸೊನೈಡ್, ಫ್ಲುಟಿಕಾಸೋನ್‌ನಂಥ ಸೇದುವ ಸ್ಟೀರಾಯ್ಡ್. ಸೇದಿದ ಕೂಡಲೇ ಏನೂ ಅನ್ನಿಸುವುದಿಲ್ಲ, ದಿನಾ ತೆಗೆದುಕೊಂಡರೆ ವಾರಗಳಲ್ಲಿ ಫಲ ಕಾಣುತ್ತದೆ. ತಕ್ಷಣ ಹಾಯೆನಿಸುವ ಪಂಪನ್ನೇ ನಾವು ನಂಬುತ್ತೇವೆ, ರೋಗವನ್ನು ಹಿಡಿತದಲ್ಲಿಡುವ ಪಂಪನ್ನು ಬೀರುವಿಗೆ ಸೇರಿಸುತ್ತೇವೆ.

ಒತ್ತಿ ಸೇದುವ ಪಂಪು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಸಾಲ್ಬುಟಮಾಲ್ 1969ರಲ್ಲಿ ಬಂತು, ಸೇದುವ ಸ್ಟೀರಾಯ್ಡ್ 1972ರಲ್ಲಿ. ನೀಲಿ ಪಂಪೊಂದನ್ನೇ ನೆಚ್ಚಿಕೊಳ್ಳುವುದು ದಶಕಗಳ ಕಾಲ ರೂಢಿಯಲ್ಲಿತ್ತು. ಅಸ್ತಮಾ ಚಿಕಿತ್ಸೆಗೆ ಜಗತ್ತಿನ ವೈದ್ಯರು ಅನುಸರಿಸುವ ‘ಜೀನಾ’ ಮಾರ್ಗಸೂಚಿ 2019ರಲ್ಲಿ ಅದನ್ನು ಬದಲಿಸಿತು: ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಪಂಪೊಂದನ್ನೇ ಕೊಡಬಾರದು, ಜೊತೆಗೆ ಸೇದುವ ಸ್ಟೀರಾಯ್ಡ್ ಇರಲೇಬೇಕು ಎಂದಿತು. ನಿಮ್ಮ ಹಳೆಯ ಚೀಟಿಗೂ ಹೊಸ ಚೀಟಿಗೂ ವ್ಯತ್ಯಾಸವಿದ್ದರೆ ಕಾರಣ ಇದಿರಬಹುದು.

ನಮ್ಮ ಊರಿಗೆ ಈ ವಿಷಯ ಹೊಸದಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು 20 ವರ್ಷ ಅಧ್ಯಯನ ಮಾಡಿದಾಗ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು.

ಚೀಟಿ ಬರೆಯುವ ಮುನ್ನ ವೈದ್ಯರು ಕೇಳಿಕೊಳ್ಳುವ ಪ್ರಶ್ನೆಗಳು

1. ಇದು ಅಸ್ತಮಾವೇ? ಹೃದಯದ ತೊಂದರೆ, ಕ್ಷಯ, ಬೀಡಿ-ಸಿಗರೇಟಿನಿಂದ ಹಾಳಾದ ಶ್ವಾಸಕೋಶ, ಇವುಗಳಲ್ಲೂ ದಮ್ಮು ಕಟ್ಟುತ್ತದೆ. ಹಾಗಾಗಿ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸುತ್ತಾರೆ. ಒಮ್ಮೆ ಊದಿಸಿ, ಔಷಧ ಸೇದಿಸಿ, ಹತ್ತು-ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 12ರಷ್ಟು ಹಾಗೂ 200 ಮಿಲಿಲೀಟರಿಗಿಂತ ಹೆಚ್ಚಿದರೆ ಅಸ್ತಮಾ ಅನ್ನುವುದಕ್ಕೆ ಬಲ ಸಿಗುತ್ತದೆ. ಆರಾಮಾಗಿದ್ದ ದಿನ ಪರೀಕ್ಷೆ ಸರಿಯಾಗಿ ಬಂದರೂ ಅಸ್ತಮಾ ಇಲ್ಲ ಎಂದು ಅರ್ಥವಲ್ಲ.

2. ಎಷ್ಟು ಹಿಡಿತದಲ್ಲಿದೆ? ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ: ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆಯಾಯಿತೇ? ರಾತ್ರಿ ಉಬ್ಬಸದಿಂದ ಎಚ್ಚರವಾಯಿತೇ? ನೀಲಿ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಮೆಟ್ಟಿಲು, ನಡಿಗೆ, ಮನೆಗೆಲಸಕ್ಕೆ ತಡೆಯಾಯಿತೇ? ಒಂದಕ್ಕೂ ಹೌದು ಇಲ್ಲದಿದ್ದರೆ ಅಸ್ತಮಾ ಹಿಡಿತದಲ್ಲಿದೆ. ಒಂದೋ ಎರಡೋ ಹೌದಾದರೆ ಅರೆ ಹಿಡಿತ. ಮೂರು, ನಾಲ್ಕಾದರೆ ಹಿಡಿತ ತಪ್ಪಿದೆ. “ಪರವಾಗಿಲ್ಲ ಡಾಕ್ಟ್ರೇ” ಎಂಬ ಉತ್ತರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಲೆಕ್ಕ ಹೇಳಿ.

3. ಯಾವ ಮೆಟ್ಟಿಲು? ಚಿಕಿತ್ಸೆಯನ್ನು ಮೆಟ್ಟಿಲುಗಳಂತೆ ಜೋಡಿಸಿದ್ದಾರೆ. ಕಡಿಮೆ ತೊಂದರೆಗೆ ಕಡಿಮೆ ಪ್ರಮಾಣ, ಹಿಡಿತ ಸಿಗದಿದ್ದರೆ ಮೇಲಿನ ಮೆಟ್ಟಿಲು. ಒಳ್ಳೆಯ ವೈದ್ಯರು ಪ್ರಮಾಣ ಏರಿಸುವ ಮುನ್ನ, ಪಂಪು ದಿನಾ ತೆಗೆದುಕೊಂಡಿದ್ದೀರಾ, ಸರಿಯಾಗಿ ಸೇದುತ್ತಿದ್ದೀರಾ ಎಂದು ನೋಡುತ್ತಾರೆ. ಸುಮಾರು ಮೂರು ತಿಂಗಳು ಪೂರ್ತಿ ಹಿಡಿತದಲ್ಲಿದ್ದರೆ ಒಂದು ಮೆಟ್ಟಿಲು ಇಳಿಸುವ ಯೋಚನೆ ಮಾಡುತ್ತಾರೆ. ಇಳಿಸುವುದು ವೈದ್ಯರ ಕೆಲಸ, ಬೀರುವಿನ ಬೀಗದ ಕೈ ಇರುವವರದ್ದಲ್ಲ.

4. ಯಾವ ಸಾಧನ? ಒತ್ತುವುದನ್ನೂ ಸೇದುವುದನ್ನೂ ಒಂದೇ ಕ್ಷಣದಲ್ಲಿ ಮಾಡುವುದು ಮಕ್ಕಳಿಗೂ ವಯಸ್ಸಾದವರಿಗೂ ಕಷ್ಟ. ಅವರಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ, ಬೇಕು. ಪುಡಿ ತುಂಬಿದ ಕ್ಯಾಪ್ಸೂಲಿನ ಸಾಧನಕ್ಕೆ ಜೋರಾಗಿ ಎಳೆಯುವ ಉಸಿರು ಬೇಕು.

5. ಇನ್ನೇನಿದೆ? ಸಕ್ಕರೆ ಕಾಯಿಲೆ, ಬಿಪಿ, ಗ್ಲಾಕೋಮಾ, ಎದೆಯುರಿ, ಮೂಗಿನ ಅಲರ್ಜಿ, ಗರ್ಭ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಕೆಲವು ಮಾತ್ರೆಗಳೂ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಉಬ್ಬಸ ಕೆರಳಿಸಬಲ್ಲವು. ಕಣ್ಣಿನ ಹನಿಯ ಸುದ್ದಿ ಎದೆಯ ವೈದ್ಯರಿಗೇಕೆ ಎಂದು ಬಿಡಬೇಡಿ.

ಪಂಪೇ ಯಾಕೆ, ಮಾತ್ರೆ ಯಾಕಲ್ಲ?

ಸಾಲ್ಬುಟಮಾಲ್ ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧವಿದೆ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆಯಲ್ಲಿ 4,000 ಮೈಕ್ರೋಗ್ರಾಂ. ಒಂದು ಮಾತ್ರೆ ನುಂಗಿದರೆ 40 ಪಫ್‌ನಷ್ಟು ಔಷಧ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ಮಾತ್ರೆ ತಗೊಂಡಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದಕ್ಕೇ. ಪಂಪು ಔಷಧವನ್ನು ಬೇಕಾದ ಜಾಗಕ್ಕೇ ಮುಟ್ಟಿಸುತ್ತದೆ. “ಪಂಪು ಹಿಡಿದರೆ ಬಿಡಿಸೋಕಾಗಲ್ಲ, ಅದು ಕೊನೆ ಅಸ್ತ್ರ” ಎಂಬ ಮಾತು ನಂಬಬೇಡಿ. ಪಂಪು ಚಟ ಹಿಡಿಸುವ ವಸ್ತುವಲ್ಲ, ಅಸ್ತಮಾ ಚಿಕಿತ್ಸೆಯ ಮೊದಲ ಮೆಟ್ಟಿಲೇ ಅದು.

ಚೀಟಿಯ ಸಾಲುಗಳನ್ನು ಓದುವುದು

1. ಓಡಿ, ಬಿಡಿ, ಟಿಡಿಎಸ್, ಎಚ್‌ಎಸ್: ಕ್ರಮವಾಗಿ ದಿನಕ್ಕೆ ಒಮ್ಮೆ, ಎರಡು ಸಲ, ಮೂರು ಸಲ, ಮಲಗುವಾಗ. 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

2. ಎಸ್‌ಓಎಸ್: ಅಗತ್ಯ ಬಿದ್ದಾಗ ಮಾತ್ರ. ಚೀಟಿಯಲ್ಲಿ ಹೆಚ್ಚು ಎಡವುವುದು ಇಲ್ಲೇ. ಯಾವ ಔಷಧದ ಮುಂದೆ ಅದನ್ನು ಬರೆದಿದ್ದಾರೆ ನೋಡಿ. ಬಿಡಿ ಎಂದಿರುವ ಪಂಪನ್ನು ಎಸ್‌ಓಎಸ್ ಮಾಡಿಕೊಳ್ಳಬೇಡಿ.

3. 200/6 ಎಂಬಂಥ ಸಂಖ್ಯೆ: ಒಂದು ಪಂಪಿನಲ್ಲಿ ಎರಡು ಔಷಧವಿದೆ ಎಂದರ್ಥ. ಬ್ಯುಡಿಸೊನೈಡ್ 200 ಮೈಕ್ರೋಗ್ರಾಂ, ಫಾರ್ಮೋಟೆರಾಲ್ 6 ಮೈಕ್ರೋಗ್ರಾಂ. ಫಾರ್ಮೋಟೆರಾಲ್ ಬೇಗ ಕೆಲಸ ಮಾಡುವುದರಿಂದ ಇದೇ ಪಂಪನ್ನು ದಿನನಿತ್ಯಕ್ಕೂ ತೊಂದರೆಯಾದಾಗಲೂ ಬಳಸಲು ಕೆಲವರಿಗೆ ಬರೆಯುತ್ತಾರೆ. ಹಾಗಿದ್ದಲ್ಲಿ ದಿನಕ್ಕೆ ಗರಿಷ್ಠ ಎಷ್ಟು ಪಫ್ ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಸಾಲ್ಮೆಟೆರಾಲ್ ಇರುವ ಪಂಪಿಗೆ ಈ ಮಾತು ಸಲ್ಲದು. ಅದು ನಿಧಾನ, ತುರ್ತಿಗೆ ಆಗದು.

4. ಔಷಧದ ಮೂಲ ಹೆಸರು: 2016ರಲ್ಲಿ ತಿದ್ದಿದ ವೈದ್ಯಕೀಯ ನಿಯಮದ ಪ್ರಕಾರ ವೈದ್ಯರು ಮೂಲ ಹೆಸರನ್ನು, ಓದಲು ಬರುವಂತೆ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಪಂಪಿನ ಮೇಲಿನ ಹೆಸರು ಓದಿ, ಮನೆಯವರಿಗೆ ಕಾಣುವಂತೆ ಕನ್ನಡದಲ್ಲಿ ‘ದಿನಾ’, ‘ತುರ್ತಿಗೆ’ ಎಂದು ಚೀಟಿ ಅಂಟಿಸಿ.

ತುರ್ತು ಚಿಕಿತ್ಸೆಯಲ್ಲಿ ಏನು ನಡೆಯುತ್ತದೆ?

ರಾತ್ರಿ ದಮ್ಮು ಕಟ್ಟಿ ಕ್ಯಾಶುವಲ್ಟಿಗೆ ಹೋದಾಗ ಕೊಡುವ ಔಷಧ ಬೇರೆ, ಮನೆಗೆ ಬರೆಯುವ ಔಷಧ ಬೇರೆ. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಾರೆ, ದೊಡ್ಡವರಲ್ಲಿ ಶೇ 93ರಿಂದ 95ರ ನಡುವೆ ಇರುವಂತೆ ಆಮ್ಲಜನಕ ಕೊಡುತ್ತಾರೆ. ಮೊದಲ ಒಂದು ಗಂಟೆ 20 ನಿಮಿಷಕ್ಕೊಮ್ಮೆ ಸಾಲ್ಬುಟಮಾಲ್. ತೀವ್ರವಾಗಿದ್ದರೆ ಜೊತೆಗೆ ಇಪ್ರಟ್ರೋಪಿಯಂ. ಅದಕ್ಕೂ ಬಗ್ಗದಿದ್ದರೆ ಮೆಗ್ನೀಸಿಯಂ ಸಲ್ಫೇಟ್ ರಕ್ತನಾಳಕ್ಕೆ. ಊತ ಇಳಿಸಲು ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ. ಅದನ್ನು ದೊಡ್ಡವರಿಗೆ ಸಾಮಾನ್ಯವಾಗಿ 5ರಿಂದ 7 ದಿನ, ಮಕ್ಕಳಿಗೆ 3ರಿಂದ 5 ದಿನ ಬರೆಯುತ್ತಾರೆ.

ಅಮ್ಮನ ಚೀಟಿಯಲ್ಲಿ ಐದು ದಿನಕ್ಕೆ ಮುಗಿಯಬೇಕಿದ್ದದ್ದು ಈ ಮಾತ್ರೆ. ಅದರ ಜೊತೆಗೇ ಪಂಪೂ ಮುಗಿಯಿತು ಎಂದು ನಾವು ತಿಳಿದೆವು. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಪ್ರತಿ ಔಷಧದ ಮುಂದೆ ‘ಎಂದಿನವರೆಗೆ?’ ಎಂದು ಕೇಳಿ, ತಾರೀಕು ಬರೆಸಿ. ಆಮೇಲೆ ಒಂದು ವಾರದೊಳಗೆ ಮತ್ತೆ ತೋರಿಸಿ.

ಪಂಪು ಸೇದುವ ಸರಿಯಾದ ಕ್ರಮ

1. ನೆಟ್ಟಗೆ ಕೂತುಕೊಳ್ಳಿ, ಇಲ್ಲವೇ ನಿಂತುಕೊಳ್ಳಿ. ಮುಚ್ಚಳ ತೆಗೆದು ಪಂಪನ್ನು ಚೆನ್ನಾಗಿ ಅಲ್ಲಾಡಿಸಿ. ಹೊಸದಾದರೆ ಅಥವಾ ಹಲವು ದಿನ ಬಳಸದಿದ್ದರೆ, ಪೊಟ್ಟಣದಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ ಬಿಡಿ.
2. ಪಂಪನ್ನು ಸ್ಪೇಸರಿಗೆ ಸಿಕ್ಕಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ.
3. ಸ್ಪೇಸರಿನ ಬಾಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ.
4. ಒಮ್ಮೆ ಮಾತ್ರ ಒತ್ತಿ. ನಿಧಾನವಾಗಿ, ಆಳವಾಗಿ ಒಳಗೆ ಎಳೆಯಿರಿ.
5. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಆಗದಿದ್ದರೆ ಆದಷ್ಟು.
6. ಎರಡನೇ ಪಫ್ ಇದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ, ಮೊದಲಿನಿಂದ ಶುರು ಮಾಡಿ.
7. ಸ್ಟೀರಾಯ್ಡ್ ಪಂಪಿನ ನಂತರ ನೀರು ಹಾಕಿ ಬಾಯಿ, ಗಂಟಲು ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು, ಧ್ವನಿ ಒಡೆಯಬಹುದು.

ಮೂರು ವರ್ಷದವರೆಗಿನ ಮಕ್ಕಳಿಗೆ ಸ್ಪೇಸರಿನ ಜೊತೆ ಮಾಸ್ಕ್ ಬೇಕು. ಮಾಸ್ಕ್ ಮುಖಕ್ಕೆ ಸಂದಿಲ್ಲದೆ ಕೂರಬೇಕು. ಒಂದು ಪಫ್ ಒತ್ತಿ ಐದಾರು ಸಲ ಸಹಜವಾಗಿ ಉಸಿರಾಡಲು ಬಿಡಿ. ಅಳುತ್ತಿರುವ ಮಗುವಿನ ಎದೆಗೆ ಔಷಧ ಸರಿಯಾಗಿ ತಲುಪುವುದಿಲ್ಲ, ಸಮಾಧಾನ ಮಾಡಿ ಕೊಡಿ.

ಪುಡಿಯ ಕ್ಯಾಪ್ಸೂಲಿನ ಸಾಧನಕ್ಕೆ ಕ್ರಮ ಬೇರೆ. ಅಲ್ಲಿ ಅಲ್ಲಾಡಿಸುವಂತಿಲ್ಲ, ಸ್ಪೇಸರ್ ಬೇಡ, ಉಸಿರನ್ನು ಜೋರಾಗಿ ಒಂದೇ ಎಳೆತಕ್ಕೆ ಎಳೆಯಬೇಕು. ಸಾಧನದೊಳಗೆ ಉಸಿರು ಬಿಟ್ಟರೆ ಪುಡಿ ಒದ್ದೆಯಾಗುತ್ತದೆ. ಕ್ಯಾಪ್ಸೂಲನ್ನು ನುಂಗಬೇಡಿ.

ನೀವು ಸರಿಯಾಗಿ ಮಾಡುತ್ತಿದ್ದೀರಾ ಎಂದು ತಿಳಿಯಲು ಕನ್ನಡಿ ಮುಂದೆ ನಿಂತು ಸ್ಪೇಸರ್ ಇಲ್ಲದೆ ಒಮ್ಮೆ ಸೇದಿ ನೋಡಿ. ತುಟಿಯ ಅಂಚಿನಿಂದಲೋ ಮೂಗಿನಿಂದಲೋ ಬಿಳಿ ಹಬೆ ಹೊರಬಂದರೆ ಔಷಧ ಕನ್ನಡಿಯ ಪಾಲಾಯಿತು. ಅಮ್ಮನಿಗೆ ಇದನ್ನು ತೋರಿಸಿದ ದಿನ, ಎರಡು ವರ್ಷದಿಂದ ಅವರ ನೀಲಿ ಪಂಪಿನ ಎಷ್ಟು ಔಷಧ ಗಾಳಿಗೆ ಹೋಗಿದ್ದಿರಬಹುದು ಎಂದು ನನಗೆ ಕಣ್ಣಾರೆ ಕಂಡಿತು.

ಸಾಮಾನ್ಯ ತಪ್ಪುಗಳು

ಪಂಪು ನೀರಿನಲ್ಲಿ ತೇಲಿಸಿ ನೋಡುವುದು. ಹಳೆಯ ಉಪಾಯ, ನಂಬಲಾಗದು. ಡೋಸ್ ಲೆಕ್ಕ ತೋರಿಸುವ ಕಿಂಡಿ ಇದ್ದರೆ ನೋಡಿ. ಇಲ್ಲದಿದ್ದರೆ ಎಣಿಸಿ: 120 ಪಫ್‌ನ ಪಂಪಿನಲ್ಲಿ ದಿನಕ್ಕೆ ನಾಲ್ಕು ಪಫ್ ಆದರೆ 30 ದಿನ. ಶುರು ಮಾಡಿದ ತಾರೀಕನ್ನು ಪಂಪಿನ ಮೇಲೆ ಬರೆಯಿರಿ.

ಸ್ಪೇಸರನ್ನು ಬಟ್ಟೆಯಲ್ಲಿ ಒರೆಸುವುದು. ಉಜ್ಜಿದರೆ ಒಳಗೆ ಸ್ಥಿರ ವಿದ್ಯುತ್ ನಿಂತು ಔಷಧ ಗೋಡೆಗೇ ಅಂಟುತ್ತದೆ. ಸ್ವಲ್ಪ ಸೋಪು ನೀರಿನಲ್ಲಿ ತೊಳೆದು ಹಾಗೇ ಆರಲು ಬಿಡಿ.

ಮನೆಯ ನೆಬ್ಯುಲೈಜರನ್ನೇ ನೆಚ್ಚುವುದು. ಸಾಮಾನ್ಯ ತೊಂದರೆಗೆ ಸ್ಪೇಸರ್ ಮೂಲಕ ಕೊಟ್ಟ ಪಫ್ ಅಷ್ಟೇ ಕೆಲಸ ಮಾಡುತ್ತದೆ. ಮನೆಯಲ್ಲಿ ನೆಬ್ ಹಾಕುತ್ತ ಕೂತು ಆಸ್ಪತ್ರೆಗೆ ಹೋಗುವುದು ತಡವಾಗುವುದೇ ಅಪಾಯ.

ನೀಲಿ ಪಂಪಿನ ಲೆಕ್ಕ ಇಡದಿರುವುದು. 200 ಪಫ್‌ನ ನೀಲಿ ಪಂಪು ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು. ತಿಂಗಳಿಗೊಂದು ಬೇಕಾದರೆ ಜೀವಕ್ಕೇ ಅಪಾಯ. ಮೆಡಿಕಲ್ ಅಂಗಡಿಯ ಬಿಲ್ಲುಗಳನ್ನು ಇಟ್ಟುಕೊಂಡು ಎಣಿಸಿ, ವೈದ್ಯರಿಗೆ ತೋರಿಸಿ.

ಹಳೆ ಚೀಟಿಗೆ ಸ್ಟೀರಾಯ್ಡ್ ಮಾತ್ರೆ ಕೊಳ್ಳುವುದು. ಕಳೆದ ಸಲ ಇದರಿಂದ ಹೋಯಿತು ಎಂದು ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆ ಪದೇ ಪದೇ ಆದರೆ ಮೂಳೆ, ಕಣ್ಣು, ಸಕ್ಕರೆ ಎಲ್ಲಕ್ಕೂ ಪೆಟ್ಟು.

ಬೇರೆ ಮದ್ದು ಸಿಕ್ಕಿತೆಂದು ಪಂಪು ಬಿಡುವುದು. ಮೃಗಶಿರ ಮಳೆ ಕೂಡುವಾಗ ಹೈದರಾಬಾದಿನ ಮೀನಿನ ಮದ್ದಿಗೆ ನಮ್ಮಲ್ಲಿಂದಲೂ ಜನ ಹೋಗುತ್ತಾರೆ. ನಂಬಿಕೆ ಅವರವರದು. ಆದರೆ ಆ ಪ್ರಯಾಣದ ಚೀಲದಲ್ಲೂ ಎರಡೂ ಪಂಪು ಇರಲಿ, ದಿನದ ಡೋಸ್ ತಪ್ಪದಿರಲಿ.

ಎಚ್ಚರಿಕೆ

ಮಾಂಟೆಲುಕಾಸ್ಟ್ ಮಾತ್ರೆ ಶುರುವಾದ ಮೇಲೆ ಮಗುವಿನ ನಿದ್ದೆ ಕೆಟ್ಟರೆ, ಕೆಟ್ಟ ಕನಸು, ಸಿಡುಕು, ಮಂಕು ಕಂಡರೆ ವೈದ್ಯರಿಗೆ ಕೂಡಲೇ ತಿಳಿಸಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ಅತಿ ಗಂಭೀರ ಎಚ್ಚರಿಕೆ ಕೊಟ್ಟಿದೆ. ಗರ್ಭಿಣಿಯರು ಹೆದರಿ ಪಂಪು ನಿಲ್ಲಿಸಬೇಡಿ. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಸಾಲದು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯಿಂದ ಹಿಂದೆ ಉಬ್ಬಸ ಬಂದಿದ್ದರೆ ಅದನ್ನು ಚೀಟಿಯ ಮೇಲ್ಭಾಗದಲ್ಲೇ ಬರೆಸಿ.

ಒಂದು ವಾಕ್ಯ ಪೂರ್ತಿ ಮಾಡಲು ಉಸಿರು ಸಾಲುತ್ತಿಲ್ಲ, ತುಟಿ ಅಥವಾ ಉಗುರು ನೀಲಿಯಾಗುತ್ತಿದೆ, ಮಗುವಿನ ಪಕ್ಕೆಲುಬಿನ ಸಂದು ಒಳಗೆ ಸೆಳೆಯುತ್ತಿದೆ, ಎದೆಯ ಸದ್ದು ನಿಂತರೂ ಒದ್ದಾಟ ನಿಂತಿಲ್ಲ: ಇವುಗಳಲ್ಲಿ ಯಾವುದು ಕಂಡರೂ ಕಾಯದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆಟ್ಟಗೆ ಕೂರಿಸಿ. ಸಾಲ್ಬುಟಮಾಲ್ ಪಂಪನ್ನು ಸ್ಪೇಸರ್ ಮೂಲಕ ಒಂದೊಂದೇ ಪಫ್, ಪ್ರತಿ ಪಫ್‌ಗೆ ನಾಲ್ಕು ಉಸಿರು, ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾದು ಮತ್ತೆ ನಾಲ್ಕು. ಬನ್ನೇರುಘಟ್ಟ ರಸ್ತೆಯಲ್ಲೋ ಸಿಲ್ಕ್ ಬೋರ್ಡ್ ಬಳಿಯೋ ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಈ ಲೆಕ್ಕ ಬಾಯಿಪಾಠ ಇರಬೇಕು.

ಎಲ್ಲಿಗೆ ಹೋಗುವುದು, ಏನು ಒಯ್ಯುವುದು?

ದಕ್ಷಿಣ ಬೆಂಗಳೂರಿನವರಿಗೆ ಸರ್ಕಾರಿ ವ್ಯವಸ್ಥೆ ದೂರವಿಲ್ಲ. ಜಯನಗರ ನಾಲ್ಕನೇ ಟಿ ಬ್ಲಾಕ್‌ನಲ್ಲಿ ಜನರಲ್ ಆಸ್ಪತ್ರೆಯಿದೆ. ನಿಮ್ಹಾನ್ಸ್ ಹತ್ತಿರ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯೂ ಮಕ್ಕಳಿಗಾಗಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇವೆ. ಸಾಲ್ಬುಟಮಾಲ್, ಬ್ಯುಡಿಸೊನೈಡ್ ಪಂಪುಗಳು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಖರ್ಚು ಭಾರವಾದರೆ ಪಂಪು ಬಿಡುವ ಮುನ್ನ ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರು ಹೇಳಿ ವಿಚಾರಿಸಿ. ಕಂಪನಿ ಬದಲಾದರೆ ಸಾಧನವೂ ಬದಲಾಗಬಹುದು, ಬಳಸುವ ಕ್ರಮವನ್ನು ಅಲ್ಲೇ ಕೇಳಿ ತಿಳಿಯಿರಿ.

ಓಪಿಡಿಗೆ ಹೋಗುವಾಗ ಎಲ್ಲ ಪಂಪುಗಳನ್ನೂ ಸ್ಪೇಸರನ್ನೂ ಒಯ್ಯಿರಿ, ಖಾಲಿಯಾದದ್ದನ್ನೂ. ಯಾವಾಗ ತೊಂದರೆಯಾಯಿತು ಎಂದು ತಾರೀಕಿನೊಂದಿಗೆ ಬರೆದುಕೊಂಡಿರಿ: ಮೆಟ್ರೊ ಕಾಮಗಾರಿಯ ಧೂಳು, ಖಾಲಿ ಸೈಟಿನ ಪಾರ್ಥೇನಿಯಂ, ದೀಪಾವಳಿಯ ಹೊಗೆ, ಸಾಂಬ್ರಾಣಿ, ಧನುರ್ಮಾಸದ ಚಳಿ. ಎದ್ದು ಬರುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ದಿನಾ ತಗೋಬೇಕಾದದ್ದು ಯಾವುದು? ತುರ್ತಿಗೆ ಯಾವುದು, ಗರಿಷ್ಠ ಎಷ್ಟು? ಯಾವ ಲಕ್ಷಣ ಕಂಡರೆ ಓಡಿ ಬರಬೇಕು? ಮತ್ತೆ ಯಾವಾಗ ತೋರಿಸಬೇಕು? ಕೊನೆಯಲ್ಲಿ, “ಡಾಕ್ಟ್ರೇ, ನಾನು ಸೇದೋದನ್ನ ಒಂದ್ಸಲ ನೋಡಿ” ಎಂದು ಕೇಳಲು ಸಂಕೋಚ ಬೇಡ.

ನಮ್ಮ ಮನೆಯಲ್ಲಿ ಆ ಪಂಪು ಈಗ ಬೀರುವಿನಲ್ಲಿಲ್ಲ. ಬಚ್ಚಲುಮನೆಯ ಹೊರಗಿನ ಗೂಡಿನಲ್ಲಿ, ಅಮ್ಮನ ಬ್ರಷ್ಷಿನ ಲೋಟದ ಪಕ್ಕ ಇದೆ. ಬೆಳಿಗ್ಗೆ ಎರಡು ಪಫ್, ಆಮೇಲೆ ಹಲ್ಲುಜ್ಜುವುದು. ರಾತ್ರಿಯೂ ಹಾಗೆಯೇ. ಬಾಯಿ ಮುಕ್ಕಳಿಸುವುದು ಪ್ರತ್ಯೇಕವಾಗಿ ನೆನಪಿಡಬೇಕಿಲ್ಲ, ಡೋಸ್ ತಪ್ಪುವುದಿಲ್ಲ. ದಿಂಬಿನ ಕೆಳಗಿನ ನೀಲಿ ಪಂಪನ್ನು ಕಳೆದ ಚಳಿಗಾಲವಿಡೀ ಅವರು ತೆಗೆದದ್ದು ಎರಡೇ ಸಲ. ನಿಮ್ಮ ಮನೆಯ ಬೀರುವನ್ನೂ ಇವತ್ತೇ ಒಮ್ಮೆ ತೆರೆದು ನೋಡಿ.